ಹ್ಯಾಂಡ್ಲರ್‌ಗಳೆಲ್ಲಾ ಪಾಸ್, ಚೈನ್ ಮಾತ್ರ ಫೇಲ್: ಒಂದು ಸೋಪ್ ಸರ್ವೀಸ್‌ನ ಪ್ರಕರಣ ಅಧ್ಯಯನ

ಒಂದು ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ಸರ್ವೀಸ್ ಇದು. ಆಸ್ಪತ್ರೆಗಳು, ಬ್ರೋಕರ್‌ಗಳು ತಮ್ಮ ತಮ್ಮ ಸಿಸ್ಟಮ್‌ನಿಂದ ಸೋಪ್ (ಸಿಸ್ಟಮ್‌ಗಳು ಎಕ್ಸ್‌ಎಮ್‌ಎಲ್ ಮೆಸೇಜ್‌ನಲ್ಲಿ ಮಾತಾಡೋ ಪ್ರೊಟೊಕಾಲ್) ಕಾಲ್ ಮಾಡಿ ಕ್ಲೇಮ್ ಎಲ್ಲಿಗೆ ಬಂತು ಅಂತ ಕೇಳ್ತಾರೆ. ಒಂದ್ಸಲ ಸೆಕ್ಯುರಿಟಿ ಆಡಿಟ್‌ಗೆ ಬಂದವರು ತಪ್ಪು ಪಾಸ್‌ವರ್ಡ್ ಹಾಕಿ ರಿಜೆಕ್ಟ್ ಆದ ರಿಕ್ವೆಸ್ಟ್‌ಗಳ ಪಟ್ಟಿ ಕೊಡಿ ಅಂದ್ರು, ಆಡಿಟ್ ಟೇಬಲ್ ತೆಗೆದು ನೋಡಿದ್ರೆ ಒಂದೂ ಇಲ್ಲ. ಸೊನ್ನೆ. ಅಷ್ಟು ಪಾರ್ಟ್‌ನರ್‌ಗಳು ದಿನಾ ಹೊಡೀತಿರೋ ಸರ್ವೀಸ್‌ನಲ್ಲಿ ಯಾರೂ ಒಂದ್ಸಲನೂ ಪಾಸ್‌ವರ್ಡ್ ತಪ್ಪು ಹಾಕಿಲ್ಲ ಅಂದ್ರೆ ಯಾರು ನಂಬ್ತಾರೆ? ಮುಂದೆ ಕೂತಿದ್ದ ಪ್ರಾಕ್ಸಿಯ ಲಾಗ್ ನೋಡಿದಾಗ ಬೇರೆ ಕಥೆ, ಅಲ್ಲಿ 500 ಸ್ಟೇಟಸ್ ರಾಶಿ ರಾಶಿ ಬಿದ್ದಿದೆ. ಸೋಪ್ 1.1ರಲ್ಲಿ ಫಾಲ್ಟ್, ಅಂದ್ರೆ ತಪ್ಪಾಯ್ತು ಅಂತ ಹೇಳೋ ರೆಸ್ಪಾನ್ಸ್, ಎಚ್‌ಟಿಟಿಪಿ 500 ಅಂತಾನೇ ಹೋಗ್ಬೇಕು, ಹಾಗಾಗಿ ಫಾಲ್ಟ್‌ಗಳು ಹೋಗ್ತಾ ಇರೋದಂತೂ ಖಾತ್ರಿ, ಆದ್ರೆ ಅದನ್ನ ಬರೆದಿಡಬೇಕಾದ ಆಡಿಟ್ ಹ್ಯಾಂಡ್ಲರ್ ಸುಮ್ನೆ ಕೂತಿದೆ. ಹ್ಯಾಂಡ್ಲರ್ ಅಂದ್ರೆ ಮೆಸೇಜ್ ಬರೋವಾಗ ಹೋಗೋವಾಗ ಮಧ್ಯೆ ಓಡೋ ಕೋಡ್, ಅವುಗಳ ಸಾಲೇ ಚೈನ್.

ಇಲ್ಲಿ ನನಗೆ ನಿಜವಾಗ್ಲೂ ಬೇಜಾರಾದ ವಿಷ್ಯ ಬಗ್‌ಗಿಂತ ಹೆಚ್ಚಾಗಿ ಟೆಸ್ಟ್‌ಗಳದ್ದು. ಟೆಸ್ಟ್ ಬರೆಯದೆ ಬಿಟ್ಟ ಪ್ರಾಜೆಕ್ಟ್ ಅಲ್ಲ ಇದು. ಪ್ರತಿ ಹ್ಯಾಂಡ್ಲರ್‌ಗೂ ಜೆಯುನಿಟ್ ಟೆಸ್ಟ್ ಇದೆ, ಕವರೇಜ್ ಚೆನ್ನಾಗಿದೆ, ಚೈನ್ ಟೆಸ್ಟ್ ಅಂತ ಹೆಸರಿಟ್ಟಿರೋ ಒಂದು ಕ್ಲಾಸ್ ಕೂಡ ಇದೆ, ಬಿಲ್ಡ್ ಓಡಿಸೋ ಜೆಂಕಿನ್ಸ್‌ನಲ್ಲಿ ವರ್ಷಗಟ್ಟಲೆ ಹಸಿರು, ಅಂದ್ರೆ ಎಲ್ಲಾ ಪಾಸ್. ಅಷ್ಟೆಲ್ಲಾ ಇದ್ದೂ ಸರ್ವೀಸ್‌ನ ಒಂದು ಮುಖ್ಯ ಕೆಲಸ ಒಂದು ದಿನನೂ ನಡೆದಿಲ್ಲ. ಹಾಗಾಗಿ ಈ ಕೇಸನ್ನ ಪೂರ್ತಿ ಬರೀತಿದೀನಿ, ಜಾಕ್ಸ್-ಡಬ್ಲ್ಯುಎಸ್ (ಜಾವಾದಲ್ಲಿ ಸೋಪ್ ಸರ್ವೀಸ್ ಬರೆಯೋ ಸ್ಟ್ಯಾಂಡರ್ಡ್) ಹ್ಯಾಂಡ್ಲರ್ ಇರೋ ಹಳೇ ಸರ್ವೀಸ್ ಮೇಂಟೇನ್ ಮಾಡೋರು ಇನ್ನೂ ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ.

ಮೊದ್ಲು ಸೆಟಪ್ ಹೇಳ್ಬಿಡ್ತೀನಿ. ಜಾವಾ 8, ಟಾಮ್‌ಕ್ಯಾಟ್, ಅದರ ಮೇಲೆ ಮೆಟ್ರೋ, ಅಂದ್ರೆ ಜಾಕ್ಸ್-ಡಬ್ಲ್ಯುಎಸ್‌ನ ರೆಫರೆನ್ಸ್ ಇಂಪ್ಲಿಮೆಂಟೇಶನ್. ಎಂಡ್‌ಪಾಯಿಂಟ್ ಕ್ಲಾಸ್ ಮೇಲೆ ಹ್ಯಾಂಡ್ಲರ್‌ಚೈನ್ ಅನೋಟೇಶನ್, ಅದು ಒಂದು ಎಕ್ಸ್‌ಎಮ್‌ಎಲ್ ಫೈಲ್ ಕಡೆ ಕೈ ತೋರಿಸುತ್ತೆ. ಆ ಫೈಲ್‌ನಲ್ಲಿ ಮೂರು ಹ್ಯಾಂಡ್ಲರ್, ಮೇಲಿಂದ ಕೆಳಗೆ ಈ ಸಾಲಲ್ಲಿ: ಆಡಿಟ್, ಆಥ್, ಬ್ರಾಂಚ್. ಆಡಿಟ್ ಮತ್ತೆ ಆಥ್ ಎರಡೂ ಸೋಪ್ ಹ್ಯಾಂಡ್ಲರ್, ಪೂರ್ತಿ ಎನ್ವಲಪ್ (ಹೆಡರ್, ಬಾಡಿ ಸೇರಿದ ಇಡೀ ಮೆಸೇಜ್) ನೋಡಬಲ್ಲವು, ಬ್ರಾಂಚ್ ಅನ್ನೋದು ಲಾಜಿಕಲ್ ಹ್ಯಾಂಡ್ಲರ್, ಅದಕ್ಕೆ ಬಾಡಿ ಒಳಗಿನ ಪೇಲೋಡ್ ಮಾತ್ರ ಕಾಣ್ಸೋದು. ಆಥ್ ಕೆಲಸ ವೆಬ್ ಸರ್ವೀಸ್ ಸೆಕ್ಯುರಿಟಿ ಹೆಡರ್‌ನಲ್ಲಿ ಬಂದ ಯೂಸರ್‌ನೇಮ್ ಟೋಕನ್ ಚೆಕ್ ಮಾಡೋದು, ತಪ್ಪಿದ್ರೆ ಪ್ರೊಟೊಕಾಲ್ ಎಕ್ಸೆಪ್ಶನ್ ಎಸೆಯೋದು.

ಬರೆದವರ ಲೆಕ್ಕಾಚಾರ ಅರ್ಥ ಆಗುತ್ತೆ. ಆಡಿಟ್ ಫೈಲ್‌ನಲ್ಲಿ ಮೊದ್ಲು ಇದೆ, ಹಾಗಾದ್ರೆ ರಿಕ್ವೆಸ್ಟ್ ಬಂದ ತಕ್ಷಣ ಮೊದ್ಲು ಅದೇ ಓಡುತ್ತೆ, ಆಮೇಲೆ ಆಥ್ ಒದ್ದು ಆಚೆ ಹಾಕಿದ್ರೂ ಆಡಿಟ್‌ನ ಹ್ಯಾಂಡಲ್‌ಫಾಲ್ಟ್ ಅನ್ನೋ, ಫಾಲ್ಟ್ ಆದಾಗ ಓಡೋ ಮೆಥಡ್‌ಗೆ ಕರೆ ಬರುತ್ತೆ, ಅಲ್ಲಿ ರಿಜೆಕ್ಟ್ ಅಂತ ಬರೆದ್ರಾಯ್ತು. ಸರ್ವ್‌ಲೆಟ್ ಫಿಲ್ಟರ್ ಹಾಗೇ ನಡೆಯೋದು. ಜಾಕ್ಸ್-ಡಬ್ಲ್ಯುಎಸ್‌ಗೆ ಮುಂಚೆ ಇದ್ದ ಹಳೇ ಜಾಕ್ಸ್-ಆರ್‌ಪಿಸಿಯಲ್ಲೂ ರಿಕ್ವೆಸ್ಟ್‌ಗೆ ಬರೆದ ಸಾಲಲ್ಲೇ ಓಡಿ ರೆಸ್ಪಾನ್ಸ್‌ಗೆ ಉಲ್ಟಾ ಬರ್ತಿತ್ತು, ಈ ಸರ್ವೀಸ್ ಕೂಡ ಅಲ್ಲಿಂದಲೇ ಮೈಗ್ರೇಟ್ ಆಗಿ ಬಂದಿದ್ದು. ಆದ್ರೆ ಜಾಕ್ಸ್-ಡಬ್ಲ್ಯುಎಸ್, ಅಂದ್ರೆ 2006ರಲ್ಲಿ ಬಂದ ಜೆಎಸ್‌ಆರ್ 224, ಸಾಲನ್ನ ರಿಕ್ವೆಸ್ಟ್ ರೆಸ್ಪಾನ್ಸ್ ಅಂತ ನೋಡಲ್ಲ, ಆಚೆ ಹೋಗ್ತಿದೆಯಾ ಒಳಗೆ ಬರ್ತಿದೆಯಾ ಅಂತ ನೋಡುತ್ತೆ. ಆಚೆ ಹೋಗೋ ಮೆಸೇಜ್‌ಗೆ ಬರೆದ ಸಾಲು, ಒಳಗೆ ಬರೋ ಮೆಸೇಜ್‌ಗೆ ಉಲ್ಟಾ ಸಾಲು. ಕ್ಲೈಂಟ್ ಕಡೆ ರಿಕ್ವೆಸ್ಟ್ ಆಚೆ ಹೋಗೋದು, ಸೋ ಅಲ್ಲಿ ಎಲ್ಲಾ ಅಂದ್ಕೊಂಡ ಹಾಗೇ ಇರುತ್ತೆ. ಸರ್ವರ್ ಕಡೆ ರಿಕ್ವೆಸ್ಟ್ ಒಳಗೆ ಬರೋದು, ಹಾಗಾಗಿ ಫೈಲ್‌ನ ಕೊನೇ ಹ್ಯಾಂಡ್ಲರ್ ಮೊದ್ಲು ಓಡುತ್ತೆ. ಇದರ ಜೊತೆಗೆ ಇನ್ನೊಂದು ನಿಯಮ, ಒಂದೇ ಚೈನ್‌ನಲ್ಲಿ ಲಾಜಿಕಲ್ ಮತ್ತೆ ಸೋಪ್ ಹ್ಯಾಂಡ್ಲರ್ ಬೆರೆಸಿ ಬರೆದ್ರೆ ರನ್‌ಟೈಮ್ (ಇಲ್ಲಿ ಮೆಟ್ರೋ) ಅದನ್ನ ಬೇರ್ಪಡಿಸಿ ಲಾಜಿಕಲ್ ಎಲ್ಲಾ ಮುಂದೆ, ಸೋಪ್ ಎಲ್ಲಾ ಹಿಂದೆ ಇಡುತ್ತೆ. ಅಂದ್ರೆ ನಮ್ಮ ಸರ್ವರ್‌ಗೆ ರಿಕ್ವೆಸ್ಟ್ ಬಂದಾಗ ನಿಜವಾಗಿ ಓಡ್ತಿದ್ದ ಸಾಲು ಆಥ್, ಆಡಿಟ್, ಬ್ರಾಂಚ್.

ಈಗ ತಪ್ಪು ಪಾಸ್‌ವರ್ಡ್ ಬಂತು ಅಂದ್ಕೊಳ್ಳಿ. ಆಥ್ ಮೊದ್ಲೇ ಓಡಿ ಎಕ್ಸೆಪ್ಶನ್ ಎಸೀತು. ರನ್‌ಟೈಮ್ ಅಲ್ಲಿಗೆ ನಿಲ್ಲಿಸಿ ದಿಕ್ಕು ತಿರುಗಿಸಿ, ಅಲ್ಲಿವರೆಗೆ ಯಾರ್ಯಾರು ಓಡಿದ್ರೋ ಅವರ ಹ್ಯಾಂಡಲ್‌ಫಾಲ್ಟ್ ಮಾತ್ರ ಕರೆಯುತ್ತೆ. ಆಡಿಟ್ ಇನ್ನೂ ಓಡೇ ಇಲ್ಲ, ಅದಕ್ಕೆ ಕರೆ ಬರೋ ಪ್ರಶ್ನೆನೇ ಇಲ್ಲ. ಎಸೆದ ಆಥ್‌ಗೂ ಹ್ಯಾಂಡಲ್‌ಫಾಲ್ಟ್ ಬರಲ್ಲ, ಕೊನೇಗೆ ಕರೆಯೋ ಕ್ಲೋಸ್ ಮೆಥಡ್ ಮಾತ್ರ ಬರುತ್ತೆ. ಟೇಬಲ್‌ನಲ್ಲಿ ಸೊನ್ನೆ ಬಂದಿದ್ದಕ್ಕೆ ಇಷ್ಟೇ ಕಾರಣ.

ಕಂಡುಹಿಡಿಯೋದು ಕಷ್ಟ ಆಗ್ಲಿಲ್ಲ. ಸೋಪ್‌ಯುಐ ಅನ್ನೋ ಟೆಸ್ಟ್ ಟೂಲ್‌ನಿಂದ ತಪ್ಪು ಪಾಸ್‌ವರ್ಡ್ ಹೊಡೆದ್ವಿ, ಆಡಿಟ್‌ನ ಹ್ಯಾಂಡಲ್‌ಮೆಸೇಜ್‌ನಲ್ಲಿ (ಮಾಮೂಲಿ ಮೆಸೇಜ್‌ಗೆ ಓಡೋ ಮೆಥಡ್) ಬ್ರೇಕ್‌ಪಾಯಿಂಟ್ ಇಟ್ವಿ, ಅಲ್ಲಿಗೆ ಬರ್ಲೇ ಇಲ್ಲ, ಆಥ್‌ನಲ್ಲಿ ಇಟ್ಟಾಗ ಸ್ಟಾಕ್‌ನಲ್ಲಿ ಮೆಟ್ರೋದ ಹ್ಯಾಂಡ್ಲರ್ ಪ್ರೊಸೆಸರ್ ಕ್ಲಾಸ್ ಕಾಣ್ತು, ಅದರ ಲೂಪ್ ಕೊನೇ ಇಂಡೆಕ್ಸ್‌ನಿಂದ ಸೊನ್ನೆ ಕಡೆಗೆ ಇಳೀತಾ ಇದೆ. ಫೈಲ್‌ನಲ್ಲಿ ಎರಡು ಸಾಲು ಅದಲು ಬದಲು ಮಾಡಿ ಡಿಪ್ಲಾಯ್ ಮಾಡೋಣ ಅಂತ ಟೀಮ್‌ನಲ್ಲಿ ಒಂದಿಬ್ಬರು ಹೇಳಿದ್ರು. ಮ್ಯಾನೇಜರ್‌ಗೂ ಅವಸರ. ನಾನು ಬೇಡ ಅಂದೆ, ಯಾಕಂದ್ರೆ ಇದನ್ನ ಹಿಡೀಬೇಕಿದ್ದ ಟೆಸ್ಟ್ ಯಾಕೆ ಹಿಡೀಲಿಲ್ಲ ಅಂತ ಗೊತ್ತಾಗದೆ ಮುಟ್ಟಿದ್ರೆ ಇನ್ನೇನು ಮುರಿಯುತ್ತೆ ಅನ್ನೋದೂ ಗೊತ್ತಾಗಲ್ಲ.

ಆ ಹಳೇ ಚೈನ್ ಟೆಸ್ಟ್ ತೆರೆದು ಓದಿದ್ವಿ. ಮೂರು ಹ್ಯಾಂಡ್ಲರ್‌ಗಳನ್ನ ನ್ಯೂ ಮಾಡಿ ಒಂದು ಲಿಸ್ಟ್‌ಗೆ ಹಾಕ್ತಾರೆ, ಆಡಿಟ್ ಮೊದ್ಲು. ಮಾಕ್, ಅಂದ್ರೆ ನಕಲಿ ಆಬ್ಜೆಕ್ಟ್, ಮಾಡೋ ಮೊಕಿಟೊದಲ್ಲಿ ಮಾಡಿದ ಮೆಸೇಜ್ ಕಾಂಟೆಕ್ಸ್ಟ್ (ಮೆಸೇಜ್ ಜೊತೆ ಹ್ಯಾಂಡ್ಲರ್‌ಗಳ ನಡುವೆ ಸಾಗೋ ಮಾಹಿತಿ) ಕೊಟ್ಟು ಫಾರ್ ಲೂಪ್‌ನಲ್ಲಿ ಮುಂದಕ್ಕೆ ಒಂದೊಂದರ ಹ್ಯಾಂಡಲ್‌ಮೆಸೇಜ್ ಕರೀತಾರೆ, ಎಕ್ಸೆಪ್ಶನ್ ಬಂದ್ರೆ ಕ್ಯಾಚ್ ಮಾಡಿ ಹಿಂದಕ್ಕೆ ಬಂದು ಹ್ಯಾಂಡಲ್‌ಫಾಲ್ಟ್ ಕರೀತಾರೆ, ಕೊನೇಗೆ ಆಡಿಟ್ ರೋ ಬಿತ್ತಾ ಅಂತ ವೆರಿಫೈ. ಕೋಡ್ ತುಂಬಾ ಅಚ್ಚುಕಟ್ಟಾಗಿದೆ, ಶ್ರದ್ಧೆಯಿಂದ ಬರೆದಿದ್ದಾರೆ. ಆದ್ರೆ ಅಲ್ಲಿ ರನ್‌ಟೈಮ್ ಇಲ್ಲವೇ ಇಲ್ಲ. ರನ್‌ಟೈಮ್ ಹೀಗೆ ನಡ್ಕೊಳ್ಳುತ್ತೆ ಅಂತ ಬರೆದವರು ಏನು ನಂಬಿದ್ರೋ ಅದನ್ನೇ ಫಾರ್ ಲೂಪ್ ಮಾಡಿ, ಆ ನಂಬಿಕೆ ಪ್ರಕಾರ ಬರೆದ ಹ್ಯಾಂಡ್ಲರ್‌ಗಳನ್ನ ಅದರ ಮೇಲೆ ಓಡಿಸಿದ್ದಾರೆ. ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಉತ್ತರ ಬರೆದು ತಾನೇ ಮಾರ್ಕ್ಸ್ ಹಾಕ್ಕೊಂಡ ಹಾಗೆ, ಎಲ್ಲಾ ಸರಿ ಬರ್ಲೇಬೇಕಲ್ಲ. ಹ್ಯಾಂಡ್ಲರ್ ಅನ್ನೋದು ನಾವು ಬರೆದ ಕೋಡ್, ಚೈನ್ ಅನ್ನೋದು ರನ್‌ಟೈಮ್ ಕಟ್ಟೋ ವಸ್ತು, ಸಾಲು ದಿಕ್ಕು ಸ್ಕೋಪ್ ಫಾಲ್ಟ್ ದಾರಿ ಎಲ್ಲಾ ಅದರ ಕೈಲಿದೆ. ಚೈನ್ ಟೆಸ್ಟ್ ಮಾಡ್ಬೇಕು ಅಂದ್ರೆ ಪ್ರೊಡಕ್ಷನ್‌ನಲ್ಲಿ ಹೋಗೋ ಅದೇ ಎಕ್ಸ್‌ಎಮ್‌ಎಲ್ ಫೈಲನ್ನ ಅದೇ ರನ್‌ಟೈಮ್ ಓದಿ ಓಡಿಸ್ಬೇಕು.

ಹೊಸ ಟೆಸ್ಟ್ ಕಟ್ಟಿದ್ದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಕೆಲಸಕ್ಕೆ ಬರೋದು ಇದೇ ಭಾಗ.

ಟಾಮ್‌ಕ್ಯಾಟ್ ಎತ್ತೋ ಅಗತ್ಯ ಬರ್ಲಿಲ್ಲ. ಜೆಡಿಕೆಯಲ್ಲೇ ಒಂದು ಪುಟ್ಟ ಎಚ್‌ಟಿಟಿಪಿ ಸರ್ವರ್ ಇದೆ, ಅದನ್ನ ಪೋರ್ಟ್ ಸೊನ್ನೆ ಕೊಟ್ಟು ಶುರು ಮಾಡಿದ್ರೆ ಖಾಲಿ ಇರೋ ಯಾವುದೋ ಪೋರ್ಟ್ ತಗೊಳ್ಳುತ್ತೆ, ಒಂದೇ ಬಿಲ್ಡ್ ಮಶೀನ್‌ನಲ್ಲಿ ಎರಡು ಜಾಬ್ ಒಟ್ಟಿಗೆ ಓಡಿದ್ರೂ ಜಗಳ ಇಲ್ಲ. ಅದರಲ್ಲಿ ಒಂದು ಕಾಂಟೆಕ್ಸ್ಟ್ (ಇಲ್ಲಿ ಒಂದು ಯುಆರ್‌ಎಲ್ ದಾರಿ) ಮಾಡಿ, ಎಂಡ್‌ಪಾಯಿಂಟ್ ಕ್ಲಾಸ್‌ನ ಕ್ರಿಯೇಟ್ ಕರೆದು, ಆ ಕಾಂಟೆಕ್ಸ್ಟ್ ಮೇಲೆ ಪಬ್ಲಿಶ್ ಮಾಡೋದು, ಅಷ್ಟೇ. ಹ್ಯಾಂಡ್ಲರ್ ಲಿಸ್ಟನ್ನ ಕೋಡ್‌ನಲ್ಲಿ ಸೆಟ್ ಮಾಡ್ಬಾರ್ದು, ಅನೋಟೇಶನ್ ತಾನೇ ಫೈಲ್ ಹುಡುಕ್ಕೊಂಡು ಹೋಗ್ಲಿ. ಫೈಲ್ ಹೆಸರು ತಪ್ಪಿದ್ರೆ, ಕ್ಲಾಸ್ ಹೆಸರು ತಪ್ಪಿದ್ರೆ ಪಬ್ಲಿಶ್ ಆಗೋವಾಗ್ಲೇ ಒಡೆಯುತ್ತೆ, ಅದೂ ಒಂದು ಟೆಸ್ಟೇ.

ಎರಡು ಕಡೆ ಹುಷಾರಾಗಿರ್ಬೇಕು. ಜಾವಾ 8ರ ಜೆಡಿಕೆ ಒಳಗೇ ಒಂದು ಜಾಕ್ಸ್-ಡಬ್ಲ್ಯುಎಸ್ ಇದೆ, ಟಾಮ್‌ಕ್ಯಾಟ್‌ನಲ್ಲಿ ಓಡೋದು ವಾರ್ ಫೈಲ್ ಒಳಗಿರೋ ಮೆಟ್ರೋ ಜಾರ್. ಟೆಸ್ಟ್ ಕ್ಲಾಸ್‌ಪಾತ್‌ನಲ್ಲಿ ಅದೇ ವರ್ಶನ್ ಜಾರ್ ಇಡದಿದ್ರೆ ಟೆಸ್ಟ್ ಬೇರೆ ರನ್‌ಟೈಮ್ ಮೇಲೆ ಓಡುತ್ತೆ, ಯಾರಿಗೂ ಗೊತ್ತೂ ಆಗಲ್ಲ. ಅದಕ್ಕೇ ಮೊದಲ ಅಸರ್ಟ್‌ನಲ್ಲೇ ಪ್ರೊವೈಡರ್ ಕ್ಲಾಸ್‌ನ ಪ್ಯಾಕೇಜ್ ಹೆಸರು ಚೆಕ್ ಮಾಡ್ತೀವಿ, ಮಧ್ಯೆ ಇಂಟರ್ನಲ್ ಅನ್ನೋ ಪದ ಇದ್ರೆ ಅದು ಜೆಡಿಕೆಯದ್ದು. ಎರಡನೇದು, ಟಾಮ್‌ಕ್ಯಾಟ್‌ನಲ್ಲಿ ಮೆಟ್ರೋ ಓದೋ ಸನ್-ಜಾಕ್ಸ್‌ಡಬ್ಲ್ಯುಎಸ್ ಎಕ್ಸ್‌ಎಮ್‌ಎಲ್ ಫೈಲ್‌ನಲ್ಲೂ ಹ್ಯಾಂಡ್ಲರ್ ಚೈನ್ ಬರೀಬಹುದು, ಅಲ್ಲಿ ಬರೆದ್ರೆ ಅನೋಟೇಶನ್‌ನದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಅಲ್ಲಿ ಏನೂ ಇರ್ಲಿಲ್ಲ, ಮುಂದೆ ಯಾರೂ ಸೇರಿಸ್ಬಾರ್ದು ಅಂತ ಅದನ್ನೂ ಒಂದು ಚಿಕ್ಕ ಟೆಸ್ಟ್‌ನಲ್ಲಿ ಕಟ್ಟಿಹಾಕಿದ್ವಿ.

ಆಮೇಲೆ ಡೇಟಾಬೇಸ್ ಪ್ರಶ್ನೆ ಬಂತು. ಫೈಲ್‌ನಿಂದ ಬರೋ ಹ್ಯಾಂಡ್ಲರ್‌ಗಳನ್ನ ರನ್‌ಟೈಮೇ ಖಾಲಿ ಕನ್‌ಸ್ಟ್ರಕ್ಟರ್ ಕರೆದು ಹುಟ್ಟಿಸುತ್ತೆ, ಹಾಗಾಗಿ ಕನ್‌ಸ್ಟ್ರಕ್ಟರ್‌ನಲ್ಲಿ ಮಾಕ್ ತೂರಿಸೋ ದಾರಿ ಇಲ್ಲ. ಆಡಿಟ್ ಹ್ಯಾಂಡ್ಲರ್ ಪೋಸ್ಟ್‌ಕನ್‌ಸ್ಟ್ರಕ್ಟ್‌ನಲ್ಲಿ ಜೆಎನ್‌ಡಿಐ ಲುಕಪ್ (ಸರ್ವರ್‌ನಲ್ಲಿ ಹೆಸರು ಹೇಳಿ ಹುಡುಕೋದು) ಮಾಡಿ ಡೇಟಾಸೋರ್ಸ್ ತಗೋತಿತ್ತು, ಆ ಲುಕಪನ್ನ ಒಂದು ಸಣ್ಣ ಹೋಲ್ಡರ್ ಕ್ಲಾಸ್ ಒಳಗೆ ಸರಿಸಿದ್ವಿ, ಟೆಸ್ಟ್‌ನಲ್ಲಿ ಆ ಹೋಲ್ಡರ್‌ಗೆ ಮೆಮೊರಿಯಲ್ಲಿ ಓಡೋ ಎಚ್2 ಡೇಟಾಬೇಸ್ ಕೊಟ್ವಿ. ಗಡಿಯಾರಕ್ಕೂ ಇದೇ ಉಪಾಯ. ಯೂಸರ್‌ನೇಮ್ ಟೋಕನ್‌ನಲ್ಲಿ ಕ್ರಿಯೇಟೆಡ್ ಅನ್ನೋ ಟೈಮ್ ಇರುತ್ತೆ, ಹಳೇ ಮೆಸೇಜನ್ನ ಮತ್ತೆ ಕಳಿಸೋ ರೀಪ್ಲೇ ತಡೆಯೋಕೆ ಕನಿಷ್ಠ ಐದು ನಿಮಿಷದ ಮಿತಿ ಇಡಬಹುದು ಅಂತ ಓಯಾಸಿಸ್ ಅನ್ನೋ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ಟೋಕನ್ ಪ್ರೊಫೈಲೇ ಹೇಳುತ್ತೆ, ನಾವೂ ಐದೇ ಇಟ್ಟಿದೀವಿ, ಆ ಐದು ನಿಮಿಷ ದಾಟಿದ್ರೆ ಏನಾಗುತ್ತೆ ಅಂತ ಟೆಸ್ಟ್ ಮಾಡೋಕೆ ಗಡಿಯಾರ ನಮ್ಮ ಕೈಲಿರ್ಬೇಕು.

ಕ್ಲೈಂಟ್ ವಿಷ್ಯದಲ್ಲಿ ಸ್ವಲ್ಪ ವಾದ ಆಯ್ತು. ಸರ್ವೀಸ್‌ನ ವಿವರ ಇರೋ ವಿಸ್‌ಡಿಎಲ್ ಫೈಲ್‌ನಿಂದ ಜನರೇಟ್ ಆದ ಕ್ಲೈಂಟ್ ಇತ್ತು, ಅದನ್ನೇ ಬಳಸೋಣ ಅಂತ ಒಬ್ಬರು, ನಾನು ಬರೀ ಸ್ಟ್ರಿಂಗ್‌ನಲ್ಲಿ ಎನ್ವಲಪ್ ಬರೆದು ಎಚ್‌ಟಿಟಿಪಿ ಪೋಸ್ಟ್ ಮಾಡೋಣ ಅಂತ. ಜನರೇಟೆಡ್ ಕ್ಲೈಂಟ್ ಯಾವಾಗ್ಲೂ ಸರಿಯಾದ ಮೆಸೇಜೇ ಕಳಿಸುತ್ತೆ, ವಾಪಸ್ ಬಂದಿದ್ದು ಕೆಟ್ಟದಾಗಿದ್ರೆ ಯಾವುದೋ ಅನ್‌ಮಾರ್ಶಲ್ ಎಕ್ಸೆಪ್ಶನ್ ಹಿಂದೆ ಮುಚ್ಚಿಡುತ್ತೆ. ನಮಗೆ ತಂತಿ ಮೇಲೆ ಏನು ಹೋಯ್ತು ಏನು ಬಂತು ಅಂತ ಅಕ್ಷರ ಅಕ್ಷರ ಕಾಣ್ಬೇಕಿತ್ತು. ಸ್ಟ್ರಿಂಗ್‌ಗೇ ಹೋದ್ವಿ, ಅದು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳ್ತೀನಿ.

ಸಾಲು ಹಿಡಿಯೋದು ಹೇಗೆ? ಮಧ್ಯೆ ಮಧ್ಯೆ ಪ್ರೋಬ್ ಹ್ಯಾಂಡ್ಲರ್ ಸೇರಿಸಿದ್ರೆ ಅದು ಪ್ರೊಡಕ್ಷನ್ ಫೈಲ್ ಆಗಿ ಉಳಿಯಲ್ಲ. ಹ್ಯಾಂಡ್ಲರ್‌ಗಳಲ್ಲಿ ಪ್ರತಿ ಮೆಥಡ್ ಶುರುವಲ್ಲಿ ಒಂದು ಡೀಬಗ್ ಲಾಗ್ ಸಾಲು ಮೊದ್ಲಿಂದಾನೂ ಇತ್ತು, ಲಾಗ್‌ಬ್ಯಾಕ್ ಅನ್ನೋ ಲಾಗ್ ಲೈಬ್ರರಿಯಲ್ಲಿ ಲಿಸ್ಟ್ ಅಪೆಂಡರ್ ಅಂತ ಸಿಗುತ್ತೆ, ಬಂದ ಲಾಗನ್ನೆಲ್ಲಾ ಲಿಸ್ಟ್‌ಗೆ ತುಂಬಿಸಿಡುತ್ತೆ, ಅದನ್ನ ಲಗತ್ತಿಸಿದ್ರೆ ಟೆಸ್ಟ್ ಮುಗಿದಾಗ ಯಾರು ಯಾವಾಗ ಓಡಿದ್ರು ಅನ್ನೋ ಜಾಡು ಕೈಯಲ್ಲಿರುತ್ತೆ.

ತಪ್ಪು ಪಾಸ್‌ವರ್ಡ್ ಟೆಸ್ಟ್ ಮೊದಲ ರನ್‌ನಲ್ಲಿ ಬಂದ ಜಾಡು ಇಷ್ಟೇ: ಆಥ್ ಒಳಗೆ, ಆಥ್ ಕ್ಲೋಸ್. ನಮಗೆ ಬೇಕಿದ್ದದ್ದು: ಆಡಿಟ್ ಒಳಗೆ, ಆಥ್ ಒಳಗೆ, ಆಡಿಟ್ ಫಾಲ್ಟ್, ಆಮೇಲೆ ಎರಡರದ್ದೂ ಕ್ಲೋಸ್. ಕೆಂಪು ಬಂತು, ಖುಷಿ ಆಯ್ತು, ಮೊದಲ ಸಲ ಈ ಬಗ್ ಒಂದು ಟೆಸ್ಟ್‌ನಲ್ಲಿ ಕಾಣ್ತಿರೋದು. ಆಗ ಫೈಲ್‌ನಲ್ಲಿ ಆಥ್ ಮೇಲೆ, ಆಡಿಟ್ ಕೆಳಗೆ ಮಾಡಿದ್ವಿ, ಹಸಿರಾಯ್ತು. ಬ್ರಾಂಚನ್ನ ಎಲ್ಲಿಟ್ರೂ ಒಳಗೆ ಬರೋವಾಗ ಅದು ಕೊನೇಗೇ ಓಡೋದು, ಲಾಜಿಕಲ್ ಆಗಿರೋದ್ರಿಂದ, ಓದೋರಿಗೆ ಗೊಂದಲ ಆಗ್ದೇ ಇರ್ಲಿ ಅಂತ ಅದನ್ನ ಫೈಲ್‌ನಲ್ಲೂ ಎಲ್ಲಕ್ಕಿಂತ ಮೇಲಕ್ಕೆ ಹಾಕಿದ್ವಿ.

ಅಲ್ಲೇ ನಿಂತಿದ್ರೆ ದೊಡ್ಡ ತೊಂದರೆ ಆಗ್ತಿತ್ತು, ಯಾಕಂದ್ರೆ ಪಕ್ಕದ ಟೆಸ್ಟ್, ಸರಿಯಾದ ಪಾಸ್‌ವರ್ಡ್‌ದು, ಆಗ ಕೆಂಪಾಯ್ತು. ಆಡಿಟ್ ರೋನಲ್ಲಿ ಯೂಸರ್ ಐಡಿ ಖಾಲಿ. ಆಡಿಟ್ ಒಳಗೆ ಬರೋವಾಗ್ಲೇ ಕಾಂಟೆಕ್ಸ್ಟ್‌ನಿಂದ ಯೂಸರ್ ಐಡಿ ಓದಿ ರೋ ಬರೀತಿತ್ತು. ಹಳೇ ಸಾಲಿನಲ್ಲಿ ಆಥ್ ಮೊದ್ಲೇ ಓಡಿ ಅದನ್ನ ಇಟ್ಟಿರ್ತಿತ್ತು, ಹಾಗಾಗಿ ಪ್ರೊಡಕ್ಷನ್‌ನಲ್ಲಿ ಒಳ್ಳೇ ರಿಕ್ವೆಸ್ಟ್‌ಗಳ ಆಡಿಟ್ ಇಷ್ಟು ವರ್ಷ ಸರಿಯಾಗಿ ಬಿದ್ದಿದ್ದೇ ಆ ಉಲ್ಟಾ ಸಾಲಿನ ಪುಣ್ಯದಿಂದ. ಹಳೇ ಯೂನಿಟ್ ಟೆಸ್ಟ್‌ಗೆ ಇದು ಗೊತ್ತಾಗೋ ದಾರಿ ಇಲ್ಲ, ಅಲ್ಲಿ ಮಾಕ್ ಕಾಂಟೆಕ್ಸ್ಟ್ ಕೇಳಿದಾಗೆಲ್ಲಾ ಯೂಸರ್ ಐಡಿ ಕೊಟ್ಬಿಡುತ್ತೆ. ಅವತ್ತು ಎರಡು ಸಾಲು ಬದಲಿಸಿ ಡಿಪ್ಲಾಯ್ ಮಾಡಿದ್ರೆ ರಿಜೆಕ್ಟ್‌ಗಳು ಸಿಕ್ತಿದ್ವು, ಆದ್ರೆ ಒಳ್ಳೇ ರಿಕ್ವೆಸ್ಟ್‌ಗಳಲ್ಲಿ ಯಾರದ್ದು ಅನ್ನೋದೇ ಕಳೆದುಹೋಗ್ತಿತ್ತು.

ಸರಿಪಡಿಸಿದ್ದು ಹೀಗೆ. ಆಡಿಟ್ ಒಳಗೆ ಬರೋವಾಗ ಟೈಮ್ ಮತ್ತೆ ಮೆಸೇಜ್ ಐಡಿ ಮಾತ್ರ ಕಾಂಟೆಕ್ಸ್ಟ್‌ನಲ್ಲಿ ಇಟ್ಕೊಳ್ಳುತ್ತೆ, ಏನೂ ಬರೆಯಲ್ಲ. ಆಚೆ ಹೋಗೋ ಹ್ಯಾಂಡಲ್‌ಮೆಸೇಜ್ ಬಂದ್ರೆ ಓಕೆ ಅಂತ ಗುರುತು, ಹ್ಯಾಂಡಲ್‌ಫಾಲ್ಟ್ ಬಂದ್ರೆ ಫಾಲ್ಟ್ ಅಂತ ಗುರುತು, ನಿಜವಾದ ರೋ ಬರೆಯೋದು ಕ್ಲೋಸ್‌ನಲ್ಲಿ. ಒಂದ್ಸಲ ಓಡಿದ ಹ್ಯಾಂಡ್ಲರ್‌ಗೆ ಏನೇ ಆದ್ರೂ ಕ್ಲೋಸ್ ಬಂದೇ ಬರುತ್ತೆ. ಕಾಂಟೆಕ್ಸ್ಟ್‌ನಲ್ಲಿ ಹ್ಯಾಂಡ್ಲರ್‌ಗಳು ಇಟ್ಟಿದ್ದು ರಿಕ್ವೆಸ್ಟ್‌ನಿಂದ ರೆಸ್ಪಾನ್ಸ್‌ವರೆಗೂ ಉಳಿಯೋದ್ರಿಂದ ಆಥ್ ಆಮೇಲೆ ಇಟ್ಟ ಯೂಸರ್ ಐಡಿಯೂ ಆಗ ಸಿಗುತ್ತೆ. ರಿಜೆಕ್ಟ್ ಆದವರ ಹೆಸರೂ ಬೇಕಲ್ಲ, ಅದಕ್ಕೆ ಆಥ್ ಪಾಸ್‌ವರ್ಡ್ ಚೆಕ್ ಮಾಡೋಕೆ ಮುಂಚೆನೇ ಬಂದ ಹೆಸರನ್ನ ಬೇರೆ ಕೀಯಲ್ಲಿ ಇಡುತ್ತೆ, ವೆರಿಫೈ ಆದ ಐಡಿಗೂ ಬರೀ ಹೇಳ್ಕೊಂಡ ಹೆಸರಿಗೂ ಒಂದೇ ಕೀ ಬಳಸೋದು ಅಪಾಯ. ಇದೇ ಜಾಗದಲ್ಲಿ ಕೋಡ್ ಓದ್ತಾ ಇನ್ನೊಂದು ಸಿಕ್ತು, ಶುರುವಿನ ಟೈಮನ್ನ ಆಡಿಟ್ ಕ್ಲಾಸ್‌ನ ಫೀಲ್ಡ್‌ನಲ್ಲಿ ಇಟ್ಟಿದ್ರು. ಮೆಟ್ರೋದಲ್ಲಿ ಹ್ಯಾಂಡ್ಲರ್ ಆಬ್ಜೆಕ್ಟ್ ಒಂದೇ, ಎಲ್ಲಾ ಥ್ರೆಡ್‌ಗೂ ಅದೇ, ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದ್ರೆ ಒಂದರ ಟೈಮ್ ಇನ್ನೊಂದಕ್ಕೆ ಹೋಗುತ್ತೆ. ಕಾಂಟೆಕ್ಸ್ಟ್‌ಗೆ ಸರಿಸಿ, ಲ್ಯಾಚ್ ಹಾಕಿ ಎರಡು ರಿಕ್ವೆಸ್ಟ್ ಒಟ್ಟಿಗೆ ಬಿಡೋ ಟೆಸ್ಟ್ ಸೇರಿಸಿದ್ವಿ.

ಈಗ ಟೆಸ್ಟ್ ಕಟ್ಟಿದ್ದು ಆಗಿತ್ತು, ಹೊಸ ಹೊಸ ಎನ್ವಲಪ್ ಬರೆದು ಹೊಡೆಯೋದು ಸುಲಭ, ಒಂದೊಂದೇ ಹೊಡೀತಾ ಹೋದ್ವಿ.

ಹೆಡರ್ ಇಲ್ಲದ ಎನ್ವಲಪ್. ಸೋಪ್‌ನಲ್ಲಿ ಹೆಡರ್ ಕಡ್ಡಾಯ ಅಲ್ಲ. ಯೂನಿಟ್ ಟೆಸ್ಟ್‌ಗಳಲ್ಲಿ ಮೆಸೇಜ್ ಫ್ಯಾಕ್ಟರಿಯಿಂದ ಮೆಸೇಜ್ ಹುಟ್ಟಿಸ್ತಿದ್ರು, ಅದು ಹುಟ್ಟುವಾಗ್ಲೇ ಖಾಲಿ ಹೆಡರ್ ಜೊತೆ ಬರುತ್ತೆ, ಹಾಗಾಗಿ ಗೆಟ್‌ಸೋಪ್‌ಹೆಡರ್ ನಲ್ ಕೊಡೋ ಪರಿಸ್ಥಿತಿ ಟೆಸ್ಟ್‌ನಲ್ಲಿ ಯಾವತ್ತೂ ಬಂದಿಲ್ಲ. ತಂತಿ ಮೇಲಿಂದ ಹೆಡರ್ ಇಲ್ಲದೆ ಬಂದಾಗ ನಲ್, ಆಥ್‌ನಲ್ಲಿ ನಲ್ ಪಾಯಿಂಟರ್. ಇದು ಪ್ರೊಟೊಕಾಲ್ ಎಕ್ಸೆಪ್ಶನ್ ಅಲ್ಲ, ಬೇರೆ ರನ್‌ಟೈಮ್ ಎಕ್ಸೆಪ್ಶನ್, ಇದಕ್ಕೆ ದಾರಿನೇ ಬೇರೆ, ಯಾರ ಹ್ಯಾಂಡಲ್‌ಫಾಲ್ಟ್ ಕೂಡ ಬರಲ್ಲ, ನೇರ ಕ್ಲೋಸ್. ರೋ ಬರೆಯೋದನ್ನ ಕ್ಲೋಸ್‌ಗೆ ಸರಿಸಿದ್ದು ಇಲ್ಲಿ ಕೈ ಹಿಡೀತು, ಓಕೆಯೂ ಅಲ್ಲದ ಫಾಲ್ಟೂ ಅಲ್ಲದ ಸ್ಥಿತಿಗೆ ಅರ್ಧಕ್ಕೆ ನಿಂತಿದೆ ಅನ್ನೋ ಮೂರನೇ ಸ್ಟೇಟಸ್ ಸೇರಿಸಿದ್ವಿ. ಆಥ್‌ನಲ್ಲಿ ನಲ್ ಚೆಕ್ ಹಾಕಿ ಸೋಪ್ ಫಾಲ್ಟ್ ಎಕ್ಸೆಪ್ಶನ್ ಎಸೆಯೋ ಹಾಗೆ ಮಾಡಿದ್ವಿ, ಅದು ಪ್ರೊಟೊಕಾಲ್ ಎಕ್ಸೆಪ್ಶನ್‌ನ ಸಬ್‌ಕ್ಲಾಸ್, ಸೋ ಫಾಲ್ಟ್ ದಾರಿಯಲ್ಲೇ ಹೋಗುತ್ತೆ, ಫಾಲ್ಟ್ ಕೋಡೂ ನಮ್ಮ ಕೈಲಿರುತ್ತೆ.

ಲಾಕ್ ಆದ ಅಕೌಂಟ್‌ದು ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ಆಥ್‌ನಲ್ಲಿ ಅಕೌಂಟ್ ಲಾಕ್ ಆಗಿದ್ರೆ ಎಕ್ಸೆಪ್ಶನ್ ಎಸೆಯದೆ ರಿಟರ್ನ್ ಫಾಲ್ಸ್ ಅಂತ ಬರೆದಿದ್ರು. ಯೂನಿಟ್ ಟೆಸ್ಟ್‌ನಲ್ಲಿ ಅಸರ್ಟ್‌ಫಾಲ್ಸ್, ಪಾಸ್. ಓದಿದ್ರೆ ಸರಿಯಾಗೇ ಕಾಣುತ್ತೆ, ಫಾಲ್ಸ್ ಅಂದ್ರೆ ಮುಂದೆ ಹೋಗ್ಬೇಡ ಅಂತ ತಾನೇ. ಆದ್ರೆ ರಿಕ್ವೆಸ್ಟ್ ಒಳಗೆ ಬರೋವಾಗ ಫಾಲ್ಸ್ ಅಂದ್ರೆ ಇಲ್ಲಿಂದ್ಲೇ ತಿರುಗು, ರೆಸ್ಪಾನ್ಸ್ ನಾನೇ ಸಿದ್ಧ ಮಾಡಿದೀನಿ ಅಂತ ಅರ್ಥ, ರೆಸ್ಪಾನ್ಸ್ ಮೆಸೇಜನ್ನ ಹ್ಯಾಂಡ್ಲರ್ ತಾನೇ ಕಟ್ಟಿ ಇಟ್ಟಿರ್ಬೇಕು. ಇಲ್ಲಿ ಯಾರೂ ಕಟ್ಟಿರ್ಲಿಲ್ಲ. ಏನಾಯ್ತು ಅಂದ್ರೆ ಬಂದ ರಿಕ್ವೆಸ್ಟೇ ರೆಸ್ಪಾನ್ಸ್ ಅಂತ ವಾಪಸ್ ಹೋಯ್ತು, ಸೆಕ್ಯುರಿಟಿ ಹೆಡರ್ ಸಮೇತ, ಅದರೊಳಗೆ ಪಾಸ್‌ವರ್ಡ್ ಟೆಕ್ಸ್ಟ್ ಸಮೇತ. ಟೆಸ್ಟ್ ಪ್ರಿಂಟ್ ಮಾಡಿದ ರೆಸ್ಪಾನ್ಸ್ ಸ್ಟ್ರಿಂಗ್‌ನಲ್ಲಿ ನಾವೇ ಹಾಕಿದ್ದ ಪಾಸ್‌ವರ್ಡ್ ಕಣ್ಣಿಗೆ ಕಾಣ್ತಿದೆ. ಟಿಎಲ್‌ಎಸ್ ಒಳಗೇ ಹೋಗೋದು, ಕಳಿಸಿದವರಿಗೇ ವಾಪಸ್ ಹೋಗೋದು, ಅದೇನೋ ನಿಜ, ಆದ್ರೆ ರೆಸ್ಪಾನ್ಸನ್ನ ಲಾಗ್ ಮಾಡೋ ಪಾರ್ಟ್‌ನರ್‌ಗಳು ಎಷ್ಟು ಜನ ಇರ್ತಾರೋ ಯಾರಿಗೊತ್ತು. ಇನ್ನೊಂದು, ತಿರುಗಿದಾಗ ಹಿಂದೆ ಓಡಿದವರಿಗೆ ಬರೋದು ಹ್ಯಾಂಡಲ್‌ಫಾಲ್ಟ್ ಅಲ್ಲ, ಆಚೆ ದಿಕ್ಕಿನ ಹ್ಯಾಂಡಲ್‌ಮೆಸೇಜ್, ಹಾಗಾಗಿ ಹೊಸ ಸಾಲಿನಲ್ಲಿ ಆಡಿಟ್ ಇದನ್ನ ಓಕೆ ಅಂತ ಗುರುತು ಹಾಕ್ತು. ಲಾಕ್ ಆದ ಅಕೌಂಟ್‌ನ ಪ್ರಯತ್ನ ಟೇಬಲ್‌ನಲ್ಲಿ ಸಕ್ಸಸ್! ಜನರೇಟೆಡ್ ಕ್ಲೈಂಟ್ ಬಳಸಿದ್ರೆ ಇದೆಲ್ಲಾ ಯಾವುದೋ ಪಾರ್ಸಿಂಗ್ ಎರರ್ ಆಗಿ ಕಂಡು, ಟೆಸ್ಟ್ ಬರೆದವರು ಎಕ್ಸೆಪ್ಶನ್ ಬರ್ಬೇಕಿತ್ತು, ಬಂತು ಅಂತ ಮುಂದೆ ಹೋಗ್ತಿದ್ರು. ರಿಟರ್ನ್ ಫಾಲ್ಸ್ ತೆಗೆದು ಎಕ್ಸೆಪ್ಶನ್ ಮಾಡಿದ್ವಿ, ಜೊತೆಗೆ ಎಲ್ಲಾ ನೆಗೆಟಿವ್ ಟೆಸ್ಟ್‌ಗಳಲ್ಲೂ ರೆಸ್ಪಾನ್ಸ್ ಒಳಗೆ ಪಾಸ್‌ವರ್ಡ್ ಸ್ಟ್ರಿಂಗ್ ಇರ್ಬಾರ್ದು ಅನ್ನೋ ಅಸರ್ಟ್ ಸೇರಿಸಿದ್ವಿ. ಈ ಚೈನ್‌ನಲ್ಲಿ ನಾನು ಬರೆಸಿದ ಅಸರ್ಟ್‌ಗಳಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಅದು.

ಮಸ್ಟ್‌ಅಂಡರ್‌ಸ್ಟ್ಯಾಂಡ್. ಡಾಟ್‌ನೆಟ್‌ನ ಡಬ್ಲ್ಯುಸಿಎಫ್ ಬಳಸೋ ಕ್ಲೈಂಟ್‌ಗಳು ಸೆಕ್ಯುರಿಟಿ ಹೆಡರ್ ಮೇಲೆ ಮಸ್ಟ್‌ಅಂಡರ್‌ಸ್ಟ್ಯಾಂಡ್ 1 ಅಂತ ಹಾಕಿ ಕಳಿಸುತ್ವೆ, ಅಂದ್ರೆ ಈ ಹೆಡರ್ ಅರ್ಥ ಆಗದಿದ್ರೆ ರಿಕ್ವೆಸ್ಟ್ ತಗೋಬೇಡ ಅಂತ. ಅರ್ಥ ಆಗುತ್ತೆ ಅಂತ ಹೇಳೋದು ಸೋಪ್ ಹ್ಯಾಂಡ್ಲರ್‌ನ ಗೆಟ್‌ಹೆಡರ್ಸ್ ಮೆಥಡ್, ಅದರಲ್ಲಿ ಆ ಹೆಡರ್‌ನ ಕ್ಯುನೇಮ್ (ನೇಮ್‌ಸ್ಪೇಸ್ ಸೇರಿದ ಪೂರ್ತಿ ಹೆಸರು) ವಾಪಸ್ ಕೊಡ್ಬೇಕು. ನಮ್ಮ ಆಥ್‌ನಲ್ಲಿ ಐಡಿಇ ತುಂಬಿಸಿಕೊಟ್ಟ ರಿಟರ್ನ್ ನಲ್ ಹಾಗೇ ಕೂತಿತ್ತು. ಯೂನಿಟ್ ಟೆಸ್ಟ್‌ನಲ್ಲಿ ಯಾರೂ ಆ ಮೆಥಡ್ ಕರೆಯಲ್ಲ, ಅದನ್ನ ಕರೆಯೋದು ರನ್‌ಟೈಮ್ ಮಾತ್ರ. ಒಬ್ಬ ಪಾರ್ಟ್‌ನರ್ ನಮ್ಮ ಸರ್ವೀಸ್‌ಗೆ ಕನೆಕ್ಟ್ ಆಗೋಕೆ ಒದ್ದಾಡಿ ಕೊನೇಗೆ ಆ ಮಸ್ಟ್‌ಅಂಡರ್‌ಸ್ಟ್ಯಾಂಡ್ ಗುರುತನ್ನ ತಮ್ಮ ಕಡೆನೇ ಕಿತ್ತುಹಾಕಿಕೊಂಡಿದ್ರಂತೆ, ಕಾರಣ ನಮಗೆ ಈಗ ತಿಳೀತು. ಇದರಲ್ಲಿ ಇನ್ನೊಂದು ತಿಳ್ಕೋಬೇಕಾದ್ದು ಅಂದ್ರೆ ಮೆಟ್ರೋದಲ್ಲಿ ಈ ಚೆಕ್ ನಡೆಯೋದು ಹ್ಯಾಂಡ್ಲರ್‌ಗಳಿಗೆ ಮೆಸೇಜ್ ಸಿಗೋಕೆ ಮುಂಚೆ. ಅಂದ್ರೆ ಈ ಕಾರಣಕ್ಕೆ ರಿಜೆಕ್ಟ್ ಆದ ರಿಕ್ವೆಸ್ಟನ್ನ ಯಾವ ಆಡಿಟ್ ಹ್ಯಾಂಡ್ಲರೂ, ಎಲ್ಲೇ ಇಟ್ರೂ, ಹೇಗೇ ಬರೆದ್ರೂ, ಹಿಡಿಯೋಕೆ ಆಗಲ್ಲ. ಜಾಡು ಪೂರ್ತಿ ಖಾಲಿ ಇರ್ಬೇಕು ಅಂತಾನೇ ಆ ಟೆಸ್ಟ್ ಬರೆದಿದೀವಿ, ನಮಗೆ ಗೊತ್ತಿಲ್ಲದ ಬೇರೆ ಹೆಡರ್ ಒಂದಕ್ಕೆ 1 ಹಾಕಿ ಕಳಿಸಿ. ಇಂಥವನ್ನ ಎಣಿಸೋಕೆ ಹೊರಗೆ ಒಂದು ಸರ್ವ್‌ಲೆಟ್ ಫಿಲ್ಟರ್ ಇಟ್ವಿ, ಸ್ಟೇಟಸ್ 500 ಆಗಿದ್ದು ಆಡಿಟ್ ರೋ ಇಲ್ಲದ್ದನ್ನ ಅದು ಬೇರೆ ಟೇಬಲ್‌ಗೆ ಬರೆಯುತ್ತೆ. ಹಳೇ ತಿಂಗಳುಗಳ ರಿಜೆಕ್ಟ್‌ಗಳ ಬಗ್ಗೆ ಪ್ರಾಕ್ಸಿ ಲಾಗ್‌ನಿಂದ ಐಪಿ ಮತ್ತೆ ಸಮಯ ಮಾತ್ರ ಸಿಕ್ತು, ಯಾವ ಯೂಸರ್ ಅನ್ನೋದು ಎಲ್ಲೂ ಇಲ್ಲ, ಆಡಿಟರ್‌ಗೆ ಅದನ್ನ ಹಾಗೇ ಹೇಳಿ ಕೊಟ್ವಿ.

ಇದೆಲ್ಲಾ ಆದ ಮೇಲೆ ಒಂದು ಹೊಸ ಫೀಚರ್ ಬಂತು, ಎಂಡ್‌ಪಾಯಿಂಟ್‌ಗೆ ಯೂಸರ್ ಐಡಿ ಬೇಕು, ಅವರವರ ಕ್ಲೇಮ್ ಮಾತ್ರ ತೋರಿಸೋಕೆ. ಟೀಮ್‌ಗೆ ಹೊಸದಾಗಿ ಸೇರಿದ ಹುಡುಗಿ ಕೋಡ್ ಬರೆದ್ಲು, ಆಥ್ ಹೇಗಿದ್ರೂ ಕಾಂಟೆಕ್ಸ್ಟ್‌ನಲ್ಲಿ ಇಡ್ತಿದೆ, ಎಂಡ್‌ಪಾಯಿಂಟ್‌ನಲ್ಲಿ ವೆಬ್ ಸರ್ವೀಸ್ ಕಾಂಟೆಕ್ಸ್ಟ್‌ನಿಂದ ಅದೇ ಕೀ ಓದಿದ್ರಾಯ್ತು. ಹ್ಯಾಶ್‌ಮ್ಯಾಪ್ ಹಿಂದಿಟ್ಟ ನಕಲಿ ಕಾಂಟೆಕ್ಸ್ಟ್‌ನಲ್ಲಿ ಪಾಸ್. ಲೈವ್ ಚೈನ್ ಟೆಸ್ಟ್‌ನಲ್ಲಿ ನಲ್. ಹ್ಯಾಂಡ್ಲರ್ ಇಟ್ಟ ಪ್ರಾಪರ್ಟಿಗೆ ಡೀಫಾಲ್ಟ್ ಆಗಿ ಹ್ಯಾಂಡ್ಲರ್ ಸ್ಕೋಪ್, ಅದು ಹ್ಯಾಂಡ್ಲರ್‌ಗಳಿಗೆ ಮಾತ್ರ ಕಾಣೋದು, ಎಂಡ್‌ಪಾಯಿಂಟ್‌ಗೆ ಕಾಣ್ಬೇಕಿದ್ರೆ ಸೆಟ್‌ಸ್ಕೋಪ್ ಕರೆದು ಅಪ್ಲಿಕೇಶನ್ ಅಂತ ಹೇಳ್ಬೇಕು. ಹ್ಯಾಶ್‌ಮ್ಯಾಪ್‌ಗೆ ಸ್ಕೋಪ್ ಅನ್ನೋದೇ ಗೊತ್ತಿಲ್ಲ. ರಿವ್ಯೂಗೆ ಬರೋಕೆ ಮುಂಚೆ ಅವಳೇ ಕಂಡುಹಿಡಿದು ಸರಿ ಮಾಡಿ ಕಳಿಸಿದ್ಲು. ಹೇಳ್ಕೊಂಡ ಹೆಸರಿನ ಕೀಯನ್ನ ಮಾತ್ರ ಬೇಕಂತಲೇ ಹ್ಯಾಂಡ್ಲರ್ ಸ್ಕೋಪ್‌ನಲ್ಲೇ ಬಿಟ್ಟಿದ್ಲು, ಎಂಡ್‌ಪಾಯಿಂಟ್ ಅದನ್ನ ನಂಬಿಬಿಡ್ಬಾರ್ದು ಅಂತ, ಅದಕ್ಕೂ ಒಂದು ಟೆಸ್ಟ್ ಇದೆ. ತುಂಬಾ ಒಳ್ಳೇ ಕೆಲಸ.

ಹಳೇ ಮೊಕಿಟೊ ಟೆಸ್ಟ್‌ಗಳಲ್ಲಿ ಎಲ್ಲವನ್ನೂ ಬಿಸಾಕಲಿಲ್ಲ. ಡೈಜೆಸ್ಟ್ ಲೆಕ್ಕ, ಅಂದ್ರೆ ನಾನ್ಸ್ (ಒಂದ್ಸಲ ಮಾತ್ರ ಬಳಸೋ ಗುರುತು), ಕ್ರಿಯೇಟೆಡ್, ಪಾಸ್‌ವರ್ಡ್ ಸೇರಿಸಿ ಶಾ-1 ಮಾಡಿ ಬೇಸ್64 ಮಾಡೋದು, ಟೈಮ್ ಮಿತಿ, ಬ್ರಾಂಚ್ ಕೋಡ್ ಪಾರ್ಸಿಂಗ್, ಇವಕ್ಕೆಲ್ಲಾ ಯೂನಿಟ್ ಟೆಸ್ಟೇ ಸರಿ, ಅದಕ್ಕೆ ಸರ್ವರ್ ಎತ್ತೋದು ವ್ಯರ್ಥ. ಆ ಲಾಜಿಕನ್ನ ಹ್ಯಾಂಡ್ಲರ್‌ನಿಂದ ಆಚೆ ಸಾದಾ ಕ್ಲಾಸ್‌ಗೆ ತೆಗೆದಿಟ್ವಿ, ಆಗ ಮಾಕ್ ಕಾಂಟೆಕ್ಸ್ಟ್ ಕೂಡ ಬೇಡ. ಫಾರ್ ಲೂಪ್ ಹಾಕಿದ್ದ ಆ ಚೈನ್ ಟೆಸ್ಟ್ ಕ್ಲಾಸನ್ನ ಮಾತ್ರ ಡಿಲೀಟ್ ಮಾಡಿದ್ವಿ. ಕವರೇಜ್ ಕಮ್ಮಿ ಆಗಿಲ್ವಾ ಅಂತ ಕೇಳಿದ್ರು, ಇಲ್ಲ, ಲೈವ್ ಟೆಸ್ಟ್‌ಗಳು ಅವೇ ಸಾಲುಗಳನ್ನ ಮುಟ್ಟುತ್ವೆ.

ಜಾವಾ 11ರಲ್ಲಿ, 2018ರಲ್ಲಿ, ಜೆಇಪಿ 320 ಪ್ರಕಾರ ಜಾಕ್ಸ್-ಡಬ್ಲ್ಯುಎಸ್ ಜೆಡಿಕೆಯಿಂದ ಆಚೆ ಹೋಯ್ತಲ್ಲ, ಈ ಸರ್ವೀಸನ್ನ ಆಮೇಲೆ ಜಾವಾ 17ಕ್ಕೆ ತಂದ್ವಿ, ಅಲ್ಲಿಂದ ಮುಂದೆ ಜಾವಾಎಕ್ಸ್ ಪ್ಯಾಕೇಜ್‌ಗಳು ಜಕಾರ್ತಾ ಆಗಿದ್ದಕ್ಕೂ ಹೊಂದಿಸ್ಬೇಕಾಯ್ತು. ಹ್ಯಾಂಡ್ಲರ್ ಕ್ಲಾಸ್‌ಗಳಲ್ಲಿ ಇಂಪೋರ್ಟ್‌ಗಳೆಲ್ಲಾ ಬದಲಾದ್ವು, ಡಿಪೆಂಡೆನ್ಸಿಗಳು ಬದಲಾದ್ವು. ಎನ್ವಲಪ್ ಸ್ಟ್ರಿಂಗ್‌ಗಳು ಒಂದಕ್ಷರನೂ ಬದಲಾಗ್ಲಿಲ್ಲ, ಜಾಡಿನ ಅಸರ್ಟ್‌ಗಳೂ ಹಾಗೇ ಇವೆ. ಲೈವ್ ಟೆಸ್ಟ್ ಕ್ಲಾಸ್‌ನಲ್ಲಿ ಮುಟ್ಟಿದ್ದು ಎಂಡ್‌ಪಾಯಿಂಟ್ ಪಬ್ಲಿಶ್ ಮಾಡೋ ಸಾಲಿನ ಇಂಪೋರ್ಟ್ ಮತ್ತೆ ಪ್ರೊವೈಡರ್ ಹೆಸರು ಚೆಕ್ ಮಾಡೋ ಆ ಮೊದಲ ಅಸರ್ಟ್. ಜೆಡಿಕೆಯಲ್ಲಿ ಬೇರೆ ಇಂಪ್ಲಿಮೆಂಟೇಶನ್ ಇಲ್ಲದ್ದರಿಂದ ಅದನ್ನೂ ತೆಗೀಬಹುದು ಅಂತ ಮಾತು ಬಂತು, ಮೆಟ್ರೋ ಬಿಟ್ಟು ಸಿಎಕ್ಸ್‌ಎಫ್ ಅನ್ನೋ ಬೇರೆ ಇಂಪ್ಲಿಮೆಂಟೇಶನ್‌ನ ಜಾರ್ ಯಾವುದಾದ್ರೂ ಡಿಪೆಂಡೆನ್ಸಿ ಜೊತೆ ಒಳಗೆ ಬಂದ್ರೆ ಗೊತ್ತಾಗ್ಲಿ ಅಂತ ಸದ್ಯಕ್ಕೆ ಇಟ್ಕೊಂಡಿದೀವಿ.